ಸೈಕಲ್ ಪ್ರವಾಸಕ್ಕೆ ಟ್ರೇಲರ್: ಒಂದು ಗಾಲಿಯದ್ದೋ, ಎರಡು ಗಾಲಿಯದ್ದೋ? (ಮೈಸೂರು–ಗೋಕರ್ಣ)

ಚಾಮುಂಡಿ ತಪ್ಪಲು · ನವೆಂಬರ್ 3

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೇ ವಾರ ನಾನೂ ನನ್ನ ಹೆಂಡತಿಯೂ ಮೈಸೂರಿಂದ ಗೋಕರ್ಣಕ್ಕೆ ಸೈಕಲ್ ತುಳಿಯೋದು ಅಂತ ಆಗಿದೆ. ಹಾಸನ, ಚಿಕ್ಕಮಗಳೂರು, ಕೊಪ್ಪ, ತೀರ್ಥಹಳ್ಳಿ, ಸಾಗರ, ಜೋಗ, ಸಿದ್ದಾಪುರ, ಶಿರಸಿ. ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಗೋಕರ್ಣ. 500 ಕಿ.ಮೀ. ದಾಟುತ್ತೆ. ಹತ್ತು ಹನ್ನೆರಡು ದಿನ ಇಟ್ಕೊಂಡಿದ್ದೀವಿ, ಅವಸರ ಇಲ್ಲ.

ತಲೆನೋವು ಸಾಮಾನಿನದು. ಅವಳಿಗೆ ಮಂಡಿನೋವು. ಸೈಕಲ್ ತುಳೀಬಹುದು, ಘಟ್ಟದಲ್ಲಿ ಭಾರ ಎಳೀಬೇಡಿ ಅಂದಿದ್ದಾರೆ ಡಾಕ್ಟ್ರು. ಹಾಗಾಗಿ ಇಬ್ಬರ ಗಂಟೂ ನನ್ನ ಸೈಕಲ್ಲಿಗೇ. ಟೆಂಟು, ಎರಡು ಸ್ಲೀಪಿಂಗ್ ಬ್ಯಾಗು, ಸ್ಟವ್ವು, ಪಾತ್ರೆ, ಬಟ್ಟೆ, ರಿಪೇರಿ ಸಾಮಾನು ಎಲ್ಲ ಸೇರಿ 30 ಕೆ.ಜಿ. ಆಗಬಹುದು. ನನ್ನದು ಅಲ್ಯುಮಿನಿಯಂ ಹೈಬ್ರಿಡ್, ಡಿಸ್ಕ್ ಬ್ರೇಕು, ಗೇರಿನ ಹಲ್ಲುಚಕ್ರ ಮುಂದೆ ಚಿಕ್ಕದು 28 ಹಲ್ಲು, ಹಿಂದೆ ದೊಡ್ಡದು 34. ತಂದ ಕ್ಯಾರಿಯರ್ ಡಿಸ್ಕ್ ಹಿಡಿಯೋ ಕ್ಯಾಲಿಪರ್‌ಗೆ ತಾಗುತ್ತೆ, ಕೂರಲ್ಲ. ಟ್ರೇಲರ್, ಅಂದ್ರೆ ಸೈಕಲ್ ಹಿಂದೆ ಸಿಕ್ಕಿಸಿ ಎಳೆಯೋ ಗಾಡಿ, ಅದರ ಯೋಚನೆ ಬಂದಿದ್ದೇ ಇದರಿಂದ.

ನೋಡಿರೋದು ಎರಡು. ಒಂದು ಗಾಲಿಯ ಬಾಬ್ ಯಾಕ್, ಸೆಕೆಂಡ್ ಹ್ಯಾಂಡ್. ಎರಡು ಗಾಲಿಯ ಬರ್ಲಿ ನೊಮ್ಯಾಡ್, ಹೊರಗಿಂದ ತರಿಸಬೇಕು. ಬಳಸಿದವರು ಹೇಳಿ.

ಹಳೇ ಅಟ್ಲಾಸ್ · ನವೆಂಬರ್ 3

ಮೊದಲು ತಕ್ಕಡಿಗೆ ಹಾಕಿ. "30 ಆಗಬಹುದು" ಅಂದವರ ಗಂಟು 30ಕ್ಕೆ ನಿಂತದ್ದನ್ನು ನಾನು ಈವರೆಗೆ ಕಂಡಿಲ್ಲ. ತೂಕದ ಮಷೀನಿನ ಮೇಲೆ ನೀವು ನಿಲ್ಲಿ, ಆಮೇಲೆ ಚೀಲ ಹಿಡಿದು ನಿಲ್ಲಿ, ಕಳೆಯಿರಿ. ಒಂದೊಂದು ಚೀಲಕ್ಕೂ ಹಾಗೆ ಮಾಡಿ ಇಲ್ಲಿ ಬರೆಯಿರಿ. ಅಲ್ಲಿವರೆಗೆ ಯಾವ ಟ್ರೇಲರ್ ಅನ್ನೋ ಮಾತು ಬೇಡ.

ನನ್ನ ಹತ್ತಿರ ಒಂದು ಗಾಲಿಯದ್ದು ಹನ್ನೊಂದು ವರ್ಷದಿಂದ ಇದೆ. ಹನ್ನೊಂದು ವರ್ಷದಲ್ಲಿ ಐದು ಸಲ ಮಾತ್ರ ಹೊರಗೆ ತೆಗೆದಿದ್ದೀನಿ. ಅದೂ ನೆನಪಿರಲಿ.

ಕಡಲಂಚು · ನವೆಂಬರ್ 4

ನಾನು ಉಡುಪಿ ಕಡೆಯವ. ಎರಡು ಗಾಲಿಯದ್ದು ಎರಡು ವರ್ಷ ಎಳೆದವ, ಹಾಗಾಗಿ ಹೇಳ್ತೇನೆ.

ನೇರ ರಸ್ತೆಯಲ್ಲಿ ಅದರಷ್ಟು ಸುಖ ಬೇರೆ ಇಲ್ಲ ಮಾರಾಯ್ರೆ. ನಿಲ್ಲಿಸಿದರೆ ತನ್ನಷ್ಟಕ್ಕೆ ನಿಲ್ತದೆ. ಸೈಕಲ್ ವಾಲಿದರೂ ಅದು ವಾಲುವುದಿಲ್ಲ. ನೊಮ್ಯಾಡ್ ಆದರೆ ಕಂಪನಿ ಲೆಕ್ಕದಲ್ಲೇ 45 ಕೆ.ಜಿ. ಹೊರ್ತದೆ, ಯಾಕಿನದ್ದು 32. ಗಾಲಿ ಬಿಚ್ಚಿದರೆ ಮಡಚಿ ಚಪ್ಪಟೆ ಮಾಡ್ಲಿಕ್ಕೂ ಆಗ್ತದೆ. ಭಾರದ ಹೆಚ್ಚಿನ ಪಾಲು ಅದರ ಗಾಲಿಗಳ ಮೇಲೆಯೇ ಇರುವುದರಿಂದ ಹಿಂದಿನ ಚಕ್ರದ ಕಡ್ಡಿ ಮುರಿಯುವ ಗೋಳು ಕಮ್ಮಿ.

ಆದರೆ ನಮ್ಮ ರಸ್ತೆ ಅಂಚು ನೋಡಿದ್ದೀರಲ್ಲ? ಟಾರಿನಿಂದ ಮಣ್ಣಿಗೆ ಅರ್ಧ ಅಡಿ ಇಳಿಜಾರು. ಎದುರಿಂದ ಬಸ್ಸು ಬಂದು ಹಾರ್ನ್ ಹೊಡೆದಾಗ ನೀವು ಎಡಕ್ಕೆ ಸರೀತೀರಿ, ನಿಮ್ಮ ಚಕ್ರ ಟಾರಿನ ಮೇಲೇ ಇರ್ತದೆ, ಟ್ರೇಲರಿನ ಎಡಗಾಲಿ ಕೆಳಗೆ ಬೀಳ್ತದೆ. ನನ್ನದು ಒಮ್ಮೆ ಹಾಗೇ ಮಗುಚಿತು. ಸೈಕಲ್ ಮಗುಚಲಿಲ್ಲ, ಅದೊಂದು ಪುಣ್ಯ. ಹಿಚ್ (ಟ್ರೇಲರನ್ನು ಸೈಕಲ್ಲಿಗೆ ಸಿಕ್ಕಿಸುವ ಕೊಂಡಿ) ತಿರುಗುವ ಹಾಗೆ ಇದ್ದದ್ದರಿಂದ ಟ್ರೇಲರ್ ಮಾತ್ರ ಪಲ್ಟಿ. ಅವಲಕ್ಕಿ ಡಬ್ಬ ಗದ್ದೆಗೆ ಹೋಯ್ತು.

ಎರಡು ಗಾಲಿ ಅಂದರೆ ರಸ್ತೆಯಲ್ಲಿ ಮೂರು ಜಾಡು. ಗುಂಡಿ ತಪ್ಪಿಸ್ಲಿಕ್ಕೆ ನೀವು ಮೂರು ಸಲ ಲೆಕ್ಕ ಹಾಕ್ಬೇಕು. ಒಂದು ಗಾಲಿಯದ್ದಾದರೆ ನೀವು ಹೋದ ಜಾಡಿನಲ್ಲೇ ಬರ್ತದೆ.

ಚಾಮುಂಡಿ ತಪ್ಪಲು · ನವೆಂಬರ್ 4

ಅಟ್ಲಾಸ್ ಸರ್, ತೂಗಿದೆ. 34.6 ಕೆ.ಜಿ. ನೀರು ಸೇರಿಸದೆ. ನಾಚಿಕೆ ಆಗ್ತಿದೆ.

ಹಳೇ ಅಟ್ಲಾಸ್ · ನವೆಂಬರ್ 4

ನಾಚಿಕೆ ಯಾಕೆ, ಎಲ್ಲರದ್ದೂ ಅಷ್ಟೇ. ಯಾಕಿನ ಮಿತಿ ದಾಟಿತು ನೋಡಿ, ಕೊಳ್ಳೋದಕ್ಕೆ ಮುಂಚೇನೇ.

ಈಗ ಒಂದು ಲೆಕ್ಕ. ಟ್ರೇಲರ್ ಭಾರ, ಘಟ್ಟದಲ್ಲಿ ಸಾಯಿಸುತ್ತೆ ಅಂತ ಎಲ್ಲರೂ ಹೆದರಿಸ್ತಾರೆ. ಯಾಕ್ ಸುಮಾರು 6 ಕೆ.ಜಿ. ಕ್ಯಾರಿಯರ್ ಮತ್ತು ಅದರ ಪಕ್ಕಕ್ಕೆ ನೇತುಹಾಕೋ ಎರಡು ಪ್ಯಾನಿಯರ್ ಚೀಲ ಸೇರಿದರೆ ಹತ್ತಿರ ಹತ್ತಿರ 3. ವ್ಯತ್ಯಾಸ ಮೂರು ಮೂರೂವರೆ ಕೆ.ಜಿ. ನೀವು, ಸೈಕಲ್ಲು, ಸಾಮಾನು ಎಲ್ಲ ಸೇರಿ 110 ಅಂತಿಟ್ಟುಕೊಳ್ಳಿ. ಏರಿನಲ್ಲಿ ಶ್ರಮ ಹೆಚ್ಚೂ ಕಡಿಮೆ ಒಟ್ಟು ತೂಕದಷ್ಟೇ. ಅಂದರೆ ನೂರಕ್ಕೆ ಮೂರು. ಒಂದು ಗಂಟೆಯ ಏರು ಒಂದು ಗಂಟೆ ಎರಡು ನಿಮಿಷ ಆಗುತ್ತೆ. ಅದರಿಂದ ಯಾರೂ ಸಾಯಲ್ಲ.

ಸಾಯಿಸೋದು ಟ್ರೇಲರಿನ ತೂಕವಲ್ಲ, ಅದರ ಬಾಯಿ. ಅಷ್ಟು ದೊಡ್ಡ ಚೀಲ ತೆರೆದು ಕೂತಿದ್ದರೆ ಮನೆಯವರೆಲ್ಲ "ಇದೂ ಇರಲಿ" ಅಂತ ಹಾಕ್ತಾರೆ. ಮೊದಲ ಸಲ ನಾನು ಒಂದು ಪ್ರೆಷರ್ ಕುಕ್ಕರ್ ಎಳ್ಕೊಂಡು ಹೋಗಿದ್ದೆ.

ಗರಡಿಮನಿ · ನವೆಂಬರ್ 5

ನಮಸ್ಕಾರ್ರೀ ಎಲ್ಲಾರಿಗೂ. ನಾ ಹುಬ್ಬಳ್ಳ್ಯಾಂವ, ಫ್ಯಾಬ್ರಿಕೇಶನ್ ಕೆಲಸ. ಹೊರಗಿಂದ ತರಸೂದು ಯಾಕ್ರೀ, ಡ್ಯೂಟಿ ಕೊಟ್ಟು? ನಾನ ಎರಡ ಮಾಡೀನಿ. ಮಾಡಸವ್ರು ಇದನ್ನ ತಲ್ಯಾಗ ಇಟಗೋರಿ.

ಗಾಲಿ ಮದ್ಲ. ಮಂದಿ ಸಣ್ಣ ಹುಡುಗೂರ 16 ಇಂಚಿನ ಸೈಕಲ್ ಗಾಲಿ ತರ್ತಾರ, ಒಂದ ಬಾಜೂಕ ನಟ್ ಹಾಕಿ ಬಿಗೀತಾರ. ಆ ಆಕ್ಸಲ್ (ಗಾಲಿ ನಡುವಿನ ಕಂಬಿ) ಎರಡೂ ಕಡೆ ಹಿಡಕೊಳ್ಳಾಕ ಮಾಡಿದ್ದು. ಒಂದ ಕಡೆ ಹಿಡದ್ರ ಬಾಗತೈತಿ, ಇಲ್ಲಾ ಕಟ್ಟ ಆಗತೈತಿ. ಹಂಗಾಗಿ ಗಾಲಿ ಎರಡೂ ಕಡೆ ಫೋರ್ಕ್ ಹಂಗ ಪಟ್ಟಿ ಕೊಡಬೇಕು. ಅದು ಬ್ಯಾಡ ಅಂದ್ರ ವ್ಹೀಲ್‌ಚೇರ್ ಗಾಲಿ ತಗೋರಿ. 24 ಇಂಚಿಂದು, ಅರ್ಧ ಇಂಚ ಆಕ್ಸಲ್, ಗುಂಡಿ ಒತ್ತಿದ್ರ ಬಿಚ್ಚಿ ಬರತೈತಿ. ಅದನ್ನ ಮಾಡಿದ್ದ ಒಂದ ಕಡೆ ಹಿಡಕೊಳ್ಳಾಕ. ಆದ್ರ ಅದರ ಟೈರ್ ಟ್ಯೂಬ್ ಸೈಕಲ್ ಅಂಗಡ್ಯಾಗ ಸಿಗೂದಿಲ್ಲ, ಎರಡ ಟ್ಯೂಬ್ ಸಂಗಡ ಇಟಗೋರಿ.

ಪೈಪ್: ಒಂದ ಇಂಚಿನ ಎಂ.ಎಸ್. (ಮೈಲ್ಡ್ ಸ್ಟೀಲ್), 16 ಗೇಜ್ ದಪ್ಪ. ಮೀಟರಿಗೆ ಒಂದ ಕೆ.ಜಿ.ಗೆ ಸ್ವಲ್ಪ ಕಮ್ಮಿ ಬೀಳತೈತಿ. ಅಂಗಡ್ಯಾಗ 6 ಮೀಟರಿನ ಪೈಪ್ ಕೊಡ್ತಾರ. ಪೂರಾ ಅದನ್ನ ಹಾಕಿದ್ರ ಬರೇ ಫ್ರೇಮ್ ಐದೂವರಿ ಕೆ.ಜಿ. ಆಗತೈತಿ. ನನ್ನ ಮದಲನೇ ಟ್ರೇಲರ್ 14 ಕೆ.ಜಿ. ಆಗಿತ್ತು. ಎಮ್ಮಿ ಎಳಿಯೂದಿತ್ತು ಅದನ್ನ.

ಇನ್ನ ಹಿಚ್. ಇದನ್ನ ವೆಲ್ಡಿಂಗ್ ಅಂಗಡ್ಯಾಂವಗ ಕೂಡಿಸಿ ತಿಳಿಸ್ರಿ. ಎರಡ ಗಾಲಿದಕ್ಕ ಹಿಚ್ ಮೂರೂ ಕಡೆ ಹೊಳ್ಳಬೇಕು: ಎಡಕ್ಕ ಬಲಕ್ಕ, ಮ್ಯಾಲ ಕೆಳಗ, ಮತ್ತ ಸೈಕಲ್ ವಾಲಿದಾಗ ಟ್ರೇಲರ್ ವಾಲದಂಗ ಸುತ್ತಬೇಕು. ಒಂದ ಗಾಲಿದಕ್ಕ ಎರಡ ಕಡೆ ಅಷ್ಟ ಸಾಕು. ಸುತ್ತಬಾರದು! ಸುತ್ತಿದ್ರ ಟ್ರೇಲರ್ ಅಡ್ಡ ಬೀಳತೈತಿ, ಅದನ್ನ ನೆಟ್ಟಗ ನಿಂದರಸೂದ ನಿಮ್ಮ ಸೈಕಲ್. ಒಂದ ಗಾಲಿದಕ್ಕ ಬಾಲ್ ಜಾಯಿಂಟ್ ಹಾಕಿ ಕೊಟ್ಟಾವ್ರನ್ನ ನೋಡೀನಿ ನಾ.

ಹಿಚ್ ಮುರದ್ರ ಹಿಡಕೊಳ್ಳಾಕ ಒಂದ ಬೆಲ್ಟ್ ಫ್ರೇಮಿಗೆ ಸುತ್ತಿರಲಿ.

ಕಾಲುವೆ ದಂಡೆ · ನವೆಂಬರ್ 5

ಗರಡಿಮನಿ ಅವರೆ, ಈ ಬರಹವನ್ನು ಯಾರಾದರೂ ಪಿನ್ ಮಾಡಿ. ಹನ್ನೆರಡು ವರ್ಷದ ಹಿಂದೆ ಇದನ್ನು ಓದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ನಾನಿರುವುದು ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ. ಇಲ್ಲಿ ಟ್ರೇಲರ್ ಸಾಮಾನ್ಯ, ಮಕ್ಕಳದ್ದು, ನಾಯಿಯದ್ದು, ತರಕಾರಿಯದ್ದು. ನನ್ನದು ಎರಡು ಗಾಲಿಯದು, ಬಹಳ ಇಷ್ಟ. ಆದರೆ ನಮ್ಮ ಅನುಭವ ನಿಮಗೆ ಉಪಯೋಗಕ್ಕೆ ಬಾರದು. ಈ ದೇಶದ ಮುಖ್ಯ ಭೂಭಾಗದಲ್ಲಿ ಅತಿ ಎತ್ತರದ ಜಾಗ 322 ಮೀಟರ್. ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸಾವಿರ ಮೀಟರ್ ದಾಟುತ್ತದೆ. ನಮಗೆ ಘಟ್ಟ ಅಂದರೆ ಕಾಲುವೆಯ ಸೇತುವೆ! ಸೈಕಲ್ ದಾರಿ ನುಣ್ಣಗಿರುತ್ತದೆ. ಇಲ್ಲಿನ ತೊಂದರೆ ಒಂದೇ, ಕಾರು ನುಗ್ಗದಂತೆ ದಾರಿಯ ಮಧ್ಯೆ ನೆಟ್ಟ ಕಂಬಗಳು. ನೀವು ದಾಟಿದ ಮೇಲೆ ಹಿಂದಿನಿಂದ "ಟಕ್" ಅಂತ ಕೇಳುತ್ತದೆ.

ಮೂರನೆಯದೊಂದು ಬಗೆ ಯಾರೂ ಹೇಳಲಿಲ್ಲ. ಪೋಲೆಂಡಿನ ಎಕ್ಸ್‌ಟ್ರಾವೀಲ್. ಅದಕ್ಕೂ ಒಂದೇ ಗಾಲಿ, ಆದರೆ ಚಿಕ್ಕದಲ್ಲ, ನಿಮ್ಮ ಸೈಕಲ್ಲಿನಷ್ಟೇ ದೊಡ್ಡದು. ಗಾಲಿಯ ಎರಡೂ ಪಕ್ಕ ಪ್ಯಾನಿಯರ್ ಚೀಲ ನೇತುಹಾಕುವುದು. ಗುಂಡಿಯಲ್ಲಿ ದೊಡ್ಡ ಗಾಲಿ ಸಲೀಸಾಗಿ ಉರುಳುತ್ತದೆ. ಟೈರು ಟ್ಯೂಬು ಸೈಕಲ್ಲಿಗೂ ಅದಕ್ಕೂ ಒಂದೇ. 16 ಇಂಚಿನ ಗಾಲಿಗೆ ಬೇರೆ ಟ್ಯೂಬ್ ಹೊರುವ ರಗಳೆ ಇಲ್ಲ. ಮಿತಿ 35 ಕೆ.ಜಿ.

ಇನ್ನೊಂದು. ನಿಮ್ಮ ಹಿಂದಿನ ಚಕ್ರ ಕ್ವಿಕ್ ರಿಲೀಸ್ (ಸನ್ನೆ ಎತ್ತಿ ಬಿಚ್ಚುವಂಥದ್ದು) ಇದೆಯೋ, ನಟ್ಟಿನದ್ದೋ, ಥ್ರೂ ಆಕ್ಸಲ್ಲೋ (ಫ್ರೇಮಿಗೇ ತಿರುಪಿ ಕೂರಿಸುವ ದಪ್ಪ ಕಂಬಿ)? ಅದನ್ನು ಹೇಳದೆ ಟ್ರೇಲರ್ ಕೇಳಬೇಡಿ. ಯಾಕ್ ಕೂರುವುದು ತನ್ನದೇ ವಿಶೇಷ ಸ್ಕ್ಯೂವರ್ ಮೇಲೆ, ಅಂದರೆ ಹಿಂದಿನ ಚಕ್ರದ ನಡುವೆ ತೂರಿಸುವ ಕಂಬಿಯ ಮೇಲೆ. ಥ್ರೂ ಆಕ್ಸಲ್ ಆದರೆ ಉದ್ದ, ದಪ್ಪ ಮಾತ್ರ ಅಲ್ಲ, ತಿರುಪಿನ ಮರೆಯ (ಸುತ್ತುಗೆರೆಯ) ಅಂತರವೂ ಹೊಂದಬೇಕು, 1.0, 1.5, 1.75 ಮಿ.ಮೀ. ಅಂತ ಮೂರು ಬಗೆ ಇವೆ. ನಾನು ಕಳೆದುಕೊಂಡ ದುಡ್ಡು ಇಲ್ಲೇ.

ಚಾಮುಂಡಿ ತಪ್ಪಲು · ನವೆಂಬರ್ 6

ಕ್ವಿಕ್ ರಿಲೀಸ್. ಇಬ್ಬರದ್ದೂ. ಬಚಾವ್.

ಬರ್ಲಿ ಬಗ್ಗೆ ಒಂದು ಅನುಮಾನ: ಅದರ ಹಿಚ್ ಕೂರೋದು ಎಡಗಡೆ ಆಕ್ಸಲ್ ಹತ್ತಿರ. ನನ್ನ ಡಿಸ್ಕ್ ಕ್ಯಾಲಿಪರ್ ಇರೋದೂ ಎಡಗಡೆ. ಮತ್ತೆ ಕ್ಯಾರಿಯರ್ ಕಥೆಯೇ ಆಗಲ್ಲ ತಾನೆ?

ಕಡಲಂಚು · ನವೆಂಬರ್ 6

ಹೆಚ್ಚಿನ ಡಿಸ್ಕ್ ಸೈಕಲ್‌ಗೆ ಕೂರ್ತದೆ, ಆದರೆ ನಿಮ್ಮದೇ ಸೈಕಲ್ಲಿಗೆ ಇಟ್ಟು ನೋಡದೆ ದುಡ್ಡು ಕೊಡಬೇಡಿ.

ಶಿರಸಿಯವಳು · ನವೆಂಬರ್ 6

ಇಷ್ಟೆಲ್ಲ ಓದಿ ಆಯ್ತು, ನನಗೊಂದು ಪ್ರಶ್ನೆ. ಟೆಂಟ್ ಎಲ್ಲಿ ಹಾಕ್ತೀರಿ?

ನೀವು ಹೇಳಿದ ದಾರಿಯಲ್ಲಿ ಹಾಸನದಿಂದ ಶಿರಸಿವರೆಗೆ ದಿನಕ್ಕೊಂದು ಪೇಟೆ ಸಿಗ್ತದೆ, ಪ್ರತಿ ಪೇಟೆಯಲ್ಲಿ ಲಾಡ್ಜ್ ಇದೆ. ಪೇಟೆ ಬಿಟ್ಟರೆ ಒಂದೋ ಯಾರದೋ ತೋಟ, ಇಲ್ಲಾ ಕಾಡು. ಕಾಡಲ್ಲಿ ಅರಣ್ಯ ಇಲಾಖೆಯವರು ಬಿಡೋದಿಲ್ಲ, ತೋಟದ ಯಜಮಾನರನ್ನ ಕೇಳಿದರೆ ಟೆಂಟ್ ಹಾಕಲಿಕ್ಕೆ ಬಿಡೋದೇ ಇಲ್ಲ, ಒಳಗೆ ಕರೆದು ಜಗುಲಿ ಮೇಲೆ ಹಾಸಿಗೆ ಹಾಕಿ ಕೊಡ್ತಾರೆ! ಸ್ಟವ್ ಯಾಕೆ? ಬೆಳಿಗ್ಗೆ ಏಳೂವರೆಗೆ ಯಾವ ಊರಲ್ಲಾದರೂ ಇಡ್ಲಿ ಸಿಗ್ತದೆ. ಟೆಂಟು, ಎರಡು ಸ್ಲೀಪಿಂಗ್ ಬ್ಯಾಗು, ಮ್ಯಾಟು, ಸ್ಟವ್ವು, ಪಾತ್ರೆ, ಅಕ್ಕಿ ಬೇಳೆ ಇವಿಷ್ಟನ್ನ ತೆಗೆದು ತೂಗಿ. ಎರಡು ತೆಳು ಹೊದಿಕೆ ಸಾಕು, ಸಾಗರದ ಕಡೆ ಡಿಸೆಂಬರ್ ಬೆಳಗಿಗೆ ಒಂದು ಸ್ವೆಟರ್ ಇರಲಿ.

ದೇವಿಮನೆ ಘಟ್ಟದ ಬಗ್ಗೆ: ಶಿರಸಿ–ಕುಮಟಾ ರಸ್ತೆ ಅಗಲ ಮಾಡೋ ಕೆಲಸ ವರ್ಷಗಟ್ಟಲೆ ನಡೀತಾ ಇದೆ. ಹೊರಡೋ ಮುಂಚೆ ಬಿಟ್ಟಿದ್ದಾರಾ ಕೇಳ್ಕೊಳ್ಳಿ. ಜಲ್ಲಿ ಹಾಸಿದ ಕಡೆ ಇಳಿಜಾರಲ್ಲಿ ಹಿಂದಿನಿಂದ ಭಾರ ನೂಕ್ತಾ ಇದ್ದರೆ ಹೇಗಿರ್ತದೆ ಅಂತ ಯೋಚಿಸಿ. ಉಳಿದ ದಾರಿ ಹೇಗೂ ಆಗ್ತದೆ. ಆ ಘಟ್ಟದ ಇಳಿಜಾರಿಗೆ ಹೊಂದೋ ಟ್ರೇಲರ್ ಯಾವುದೋ ಅದು ನಿಮ್ಮ ಟ್ರೇಲರ್.

ಚಾಮುಂಡಿ ತಪ್ಪಲು · ನವೆಂಬರ್ 7

ಅಕ್ಕಾ, 18.2 ಕೆ.ಜಿ.!! ಅರ್ಧಕ್ಕರ್ಧ ಹೋಯ್ತು. ಹೆಂಡತಿ ನಿಮಗೆ ಥ್ಯಾಂಕ್ಸ್ ಹೇಳು ಅಂದ್ಲು. ಟೆಂಟ್ ಬೇಡ ಅಂತ ಅವಳು ಒಂದು ತಿಂಗಳಿಂದ ಹೇಳ್ತಿದ್ಲಂತೆ. ನಾನು ಕೇಳಿಸ್ಕೊಂಡಿರಲಿಲ್ಲವಂತೆ.

ಹಳೇ ಅಟ್ಲಾಸ್ · ನವೆಂಬರ್ 7

18ಕ್ಕೆ ಟ್ರೇಲರ್ ಬೇಡ. ಡಿಸ್ಕ್ ಸೈಕಲ್ಲಿಗೆ ಅಂತಲೇ ಕಾಲು ಹೊರಗೆ ಬಾಗಿಸಿದ ಕ್ಯಾರಿಯರ್ ಸಿಗುತ್ತೆ. ಇಲ್ಲವೇ ಉದ್ದ ಬೋಲ್ಟ್, ನಡುವೆ ಒಂದು ಬುಶ್ (ಚಿಕ್ಕ ಕೊಳವೆ) ಹಾಕಿಸಿ. ಎರಡು ಚೀಲ ನೇತುಹಾಕಿ ಹೊರಡಿ.

ಚಾಮುಂಡಿ ತಪ್ಪಲು · ನವೆಂಬರ್ 7

ಸರ್, ಬುದ್ಧಿ ಒಪ್ಪುತ್ತೆ. ಆದರೂ ಟ್ರೇಲರ್ ಬಿಡೋಕೆ ಮನಸ್ಸಿಲ್ಲ, ಅದಕ್ಕೆ ಎರಡು ಕಾರಣ. ಸಾಗರದಲ್ಲಿ ಎರಡು ದಿನ ನಿಲ್ತೀವಿ, ಇಕ್ಕೇರಿ, ಕೆಳದಿ ನೋಡೋಕೆ. ಟ್ರೇಲರ್ ಆದ್ರೆ ಲಾಡ್ಜಿನಲ್ಲಿ ಬಿಚ್ಚಿಟ್ಟು ಖಾಲಿ ಸೈಕಲ್‌ನಲ್ಲಿ ಹೋಗಬಹುದು. ಇನ್ನೊಂದು, ಎರಡೂ ಸೈಕಲ್ಲಿಗೆ ಸ್ಕ್ಯೂವರ್ ಹಾಕಿಸಿದ್ರೆ ಬೇಕಾದಾಗ ಬದಲಾಯಿಸ್ಕೊಳ್ಳಬಹುದು ಅಲ್ವಾ?

ಹಳೇ ಅಟ್ಲಾಸ್ · ನವೆಂಬರ್ 8

ಎರಡನೇ ಕಾರಣ ಚೆನ್ನಾಗಿದೆ. ಮಂಡಿನೋವು ಇರುವವರು ಎಳೆಯಬೇಕಾಗಿಲ್ಲ, ಆದರೆ ನಿಮಗೇ ಏನಾದರೂ ಆದರೆ?

ಹೀಗೆ ಮಾಡಿ. ಮುಂದಿನ ಶನಿವಾರ ಬೆಂಗಳೂರಿಗೆ ಬರ್ತೀರಾ? ನನ್ನದು ತಗೊಂಡು ಹೋಗಿ. ಸ್ಕ್ಯೂವರ್ ಎರಡಿದೆ. ದುಡ್ಡು ಬೇಡ. ಒಂದು ಷರತ್ತು: ಹೊರಡುವ ಮುಂಚೆ ಚಾಮುಂಡಿ ಬೆಟ್ಟ ಹತ್ತಿ ಇಳಿದು, ಏನಾಯ್ತು ಅಂತ ಇಲ್ಲಿ ಬರೀಬೇಕು.

ಚಾಮುಂಡಿ ತಪ್ಪಲು · ನವೆಂಬರ್ 24

ಬರೀತಿದ್ದೀನಿ. ಅಕ್ಕಿ ಮೂಟೆ 20 ಕೆ.ಜಿ. ಹಾಕ್ಕೊಂಡು ಬೆಳಿಗ್ಗೆ ಆರಕ್ಕೆ ಹೊರಟೆ. ಏರು ನೀವು ಹೇಳಿದ ಹಾಗೇ, ಹೆದರಿದಷ್ಟು ಇಲ್ಲ. ಚಿಕ್ಕ ಗೇರಿನಲ್ಲಿ ಗಂಟೆಗೆ 6 ಕಿ.ಮೀ. 5ಕ್ಕಿಂತ ಕೆಳಗಿಳಿದರೆ ಮಾತ್ರ ಹಿಂದಿನಿಂದ ಯಾರೋ ಶರ್ಟ್ ಹಿಡಿದು ಆ ಕಡೆ ಈ ಕಡೆ ಜಗ್ಗಿದ ಹಾಗೆ.

ಇಳಿಯೋವಾಗ 38 ದಾಟಿತು. ಇಡೀ ಸೈಕಲ್ಲು ಹಾವಿನ ಹಾಗೆ ಬಳುಕೋಕೆ ಶುರು. ಜೀವ ಬಾಯಿಗೆ ಬಂತು. ಬ್ರೇಕ್ ಒಂದೇ ಸಲ ಹಿಡೀಬಾರದು ಅಂತ ಎಲ್ಲೋ ಓದಿದ್ದು ನೆನಪಾಗಿ ಮೆಲ್ಲಗೆ ಹಿಡಿದೆ, ನಿಂತಿತು. ಕೂತು ನೀರು ಕುಡಿದು ಹತ್ತು ನಿಮಿಷ ಸುಮ್ಮನಿದ್ದೆ.

ಹಳೇ ಅಟ್ಲಾಸ್ · ನವೆಂಬರ್ 24

ಮೂಟೆ ಹೇಗೆ ಇಟ್ಟಿದ್ರಿ?

ಚಾಮುಂಡಿ ತಪ್ಪಲು · ನವೆಂಬರ್ 24

ನಿಲ್ಲಿಸಿ. ಹಿಂದುಗಡೆ, ಗಾಲಿ ಹತ್ತಿರ.

ಗರಡಿಮನಿ · ನವೆಂಬರ್ 24

ಅಯ್ಯಯ್ಯ! ಭಾರ ಯಾವಾಗ್ಲೂ ತಳಕ್ಕ ಇರಬೇಕ್ರೀ, ಗಾಲಿಗಿಂತ ಮುಂದ, ಮಲಗಿಸಿ. ಎರಡ ಗಾಲಿದಕ್ಕೂ ಹಂಗ, ಆಕ್ಸಲ್‌ಗಿಂತ ಸ್ವಲ್ಪ ಮುಂದ ಭಾರ ಇದ್ದು ಮೂತಿ ಕೆಳಗ ಒತ್ತಬೇಕು. ಹಿಂದ ಭಾರ ಆದ್ರ ಮೂತಿ ಮ್ಯಾಲ ಎತ್ತತೈತಿ, ನಿಮ್ಮ ಹಿಂದಿನ ಗಾಲಿ ನೆಲದ ಹಿಡತ ಬಿಡತೈತಿ. ಚಕ್ಕಡಿ ಹೇರೂ ಮಂದೀನ ಕೇಳ್ರಿ, ಎತ್ತಿನ ಕುತಗಿಗೆ ಎಷ್ಟ ಭಾರ ಬರಬೇಕು ಅನ್ನೂದು ಅವ್ರಿಗೆ ಕಣ್ಣಳತ್ಯಾಗ ಗೊತ್ತಿರತೈತಿ.

ಹಿಚ್ಚಿನ ಬುಶ್ ಸವದೈತೇನು ನೋಡ್ರಿ. ಕೈಯಾಗ ಹಿಡದು ಅಲಗಾಡಿಸಿದ್ರ ಲಟಲಟ ಅಂದ್ರ ಬದಲ ಮಾಡ್ರಿ. ಟ್ರೇಲರ್ ಟೈರಿನ್ಯಾಗ ಗಾಳಿ ಕಮ್ಮಿ ಇದ್ರೂ ಬಳಕತೈತಿ.

ಕಡಲಂಚು · ನವೆಂಬರ್ 25

ಎಲ್ಲ ಸರಿ ಮಾಡಿದರೂ 38 ಜಾಸ್ತಿಯೇ. ಬರ್ಲಿಯವರು ತಮ್ಮ ಕೈಪಿಡಿಯಲ್ಲಿ ಗಂಟೆಗೆ 15 ಮೈಲಿ, ಅಂದರೆ 24 ಕಿ.ಮೀ. ದಾಟಬೇಡಿ ಅಂತ್ಲೇ ಹೇಳ್ತಾರೆ. ಘಟ್ಟದಲ್ಲಿ ತಿರುವಿಗೆ ಮೊದಲೇ ಬ್ರೇಕ್ ಹಿಡಿದು ಮುಗಿಸಿ. ತಿರುವಿನ ಒಳಗೆ ಹಿಡಿದರೆ ಟ್ರೇಲರ್ ನಿಮ್ಮ ಹಿಂದಿನ ಚಕ್ರವನ್ನು ಪಕ್ಕಕ್ಕೆ ನೂಕ್ತದೆ.

ಮತ್ತೆ ಹಂಪ್. ಒಂದು ಗಾಲಿಯದ್ದರ ತಳ ನೆಲಕ್ಕೆ ಹತ್ತಿರ ಉಂಟು, ನಮ್ಮ ಊರಿನ ಹಂಪಿಗೆ ಉಜ್ಜುತ್ತದೆ.

ಚಾಮುಂಡಿ ತಪ್ಪಲು · ನವೆಂಬರ್ 30

ಬುಶ್ ಸವೆದಿತ್ತು, ಹೊಸದು ಹಾಕಿಸಿದೆ. ಮೂಟೆ ಮಲಗಿಸಿದೆ. ಮತ್ತೆ ಬೆಟ್ಟ ಹತ್ತಿ ಇಳಿದೆ, 25ರ ಒಳಗೆ ರೈಲಿನ ಹಾಗೆ ಬಂತು. ಒಂದು ಮಾತು ಕೇಳೋದು ಮರೆತಿದ್ದೆ, ವಾಪಸ್ ತರೋದು ಹೇಗೆ?

ಶಿರಸಿಯವಳು · ನವೆಂಬರ್ 30

ಇದನ್ನ ಮೊದಲು ಕೇಳಬೇಕಿತ್ತು ಮಾರಾಯ! ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಎರಡು ಸೈಕಲ್, ಒಂದು ಟ್ರೇಲರ್ ಬ್ರೇಕ್ ವ್ಯಾನಿಗೆ (ಸಾಮಾನಿನ ಬೋಗಿಗೆ) ಹಾಕೋ ಅಷ್ಟು ಹೊತ್ತು ರೈಲು ನಿಲ್ಲೋದಿಲ್ಲ. ರಾತ್ರಿ ಹೊರಡೋ ಸ್ಲೀಪರ್ ಬಸ್ಸಿನ ಡಿಕ್ಕಿ ನೋಡಿ. ಮುಂಚಿನ ದಿನವೇ ಹೋಗಿ ಟ್ರೇಲರ್ ತೋರಿಸಿ ಮಾತಾಡಿ, ಟಿಕೆಟ್ ಆಮೇಲೆ ತಗೊಳ್ಳಿ. ಮುಂದಿನ ಫೋರ್ಕ್, ಗಾಲಿ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿದರೆ ಅದೊಂದು ಮಂಚದ ಕಾಲು ಅಂದ್ಕೊಳ್ತಾರೆ.

ಚಾಮುಂಡಿ ತಪ್ಪಲು · ಜನವರಿ 9

ನಮಸ್ಕಾರ, ಇದು ಅವರ ಅಕೌಂಟು, ಬರೀತಿರೋದು ಮಂಡಿನೋವಿನ ಹೆಂಡತಿ. ಅವರು ಪ್ರವಾಸದ ಕಥೆ ಬರೆಯೋದು ಯುಗಾದಿ ಆಗುತ್ತೆ, ಅದಕ್ಕೆ ನಾನೇ ಬರೀತಿದ್ದೀನಿ.

ಮುಟ್ಟಿದೆವು. ಪಂಚರ್ ಒಟ್ಟು ಮೂರು, ಮೂರೂ ಟ್ರೇಲರ್ ಗಾಲೀದೇ. ಕೊಪ್ಪದ ಹತ್ತಿರ ಪಂಚರ್ ಅಂಗಡಿಯವರು ಟ್ಯೂಬ್ ನೋಡಿ "ಇದು ಮಕ್ಕಳ ಸೈಕಲ್ದಲ್ವಾ" ಅಂತ ನಗುತ್ತಾ ಪ್ಯಾಚ್ ಹಾಕಿದ್ರು, ಹೊಸ ಟ್ಯೂಬೂ ಅವರ ಹತ್ತಿರಾನೇ ಸಿಕ್ಕಿತು. 16 ಇಂಚಿಗೆ ಹೆದರಬೇಕಾಗಿಲ್ಲ. ಕೆಂಪು ಬಾವುಟ ಕಟ್ಟಿದ್ದರಿಂದ ಊರೂರಲ್ಲಿ ಐಸ್‌ಕ್ರೀಂ ಗಾಡಿ ಅಂತ ಮಕ್ಕಳು ಹಿಂದೆ ಓಡಿ ಬರ್ತಿದ್ರು. ಲಾರಿಯವರು ಮಾತ್ರ ನಿಜವಾಗಿ ಜಾಗ ಬಿಟ್ಟು ಹೋಗ್ತಿದ್ರು, ನನ್ನ ಬರೀ ಸೈಕಲ್ಲಿಗೆ ಬಿಡದಷ್ಟು.

ದೇವಿಮನೆ ಘಟ್ಟದಲ್ಲಿ ಜಲ್ಲಿ ಇದ್ದ ಕಡೆ ಅವರು ಇಳಿದು ತಳ್ಳಿಕೊಂಡೇ ಬಂದ್ರು. ಕೆಳಗೆ ಬರೋಷ್ಟರಲ್ಲಿ ಬ್ರೇಕ್ ಹಿಡಿದೂ ಹಿಡಿದೂ ಎರಡೂ ಕೈ ಮರಗಟ್ಟಿ, ಟೀ ಲೋಟ ಎತ್ತೋಕೆ ಆಗ್ತಿರಲಿಲ್ಲ. ಮಾರನೇ ದಿನ ಕುಮಟಾದಿಂದ ಟ್ರೇಲರ್ ನನ್ನ ಸೈಕಲ್ಲಿಗೆ ಹಾಕಿಸ್ಕೊಂಡೆ. ಹೆದ್ದಾರಿ 66, ಬಹುಪಾಲು ಸಮ. ಡಾಕ್ಟ್ರು ಘಟ್ಟದಲ್ಲಿ ಅಂತ ತಾನೇ ಹೇಳಿದ್ದು? ಅಘನಾಶಿನಿ ಸೇತುವೆ ದಾಟಿ, ಮಿರ್ಜಾನ್ ಕೋಟೆ ಹತ್ತಿರ ನಿಂತು ಎಳನೀರು ಕುಡಿದು, ಗೋಕರ್ಣದವರೆಗೂ ನಾನೇ ಎಳೆದೆ. ಮಂಡಿ ಏನೂ ಅನ್ನಲಿಲ್ಲ.

ಅಟ್ಲಾಸ್ ಸರ್, ಟ್ರೇಲರ್ ಈ ಭಾನುವಾರ ವಾಪಸ್ ತಂದುಕೊಡ್ತಾರಂತೆ. ಸ್ಕ್ಯೂವರ್ ಇನ್ನೂ ನನ್ನ ಸೈಕಲ್ಲಲ್ಲೇ ಇದೆ. ಫೆಬ್ರವರಿಯಲ್ಲಿ ನಾನು ಮತ್ತು ನನ್ನ ತಂಗಿ ಮೇಲುಕೋಟೆಗೆ ಹೋಗೋಣ ಅಂತಿದ್ದೀವಿ...

ಹಳೇ ಅಟ್ಲಾಸ್ · ಜನವರಿ 9

ಅರ್ಥ ಆಯ್ತಮ್ಮ. ಭಾನುವಾರ ಅವರು ಬರೋದು ಬೇಡ. ಟೈರ್ ಮಾತ್ರ ಹೊಸದು ಹಾಕಿಸಿಬಿಡಿ, ಮೂರು ಪಂಚರ್ ಅಂದರೆ ಅದು ಸವೆದಿದೆ ಅಂತಲೇ.